ಹಗುರದ ಬಾರ್

"ಕಣ್ಣು ಮುಚ್ಕೋ ಅಂದ್ರೆ ಮುಚ್ಕೋಬೇಕು ಬೋಳಿಮಗನೆ. ಸಂದೀಲಿ ಇಣುಕೋ ಬುದ್ಧಿ ನಿಂದು ಅಂತ ನಂಗೊತ್ತಿಲ್ವಾ?"

ಮೇಸ್ತ್ರಿ ಎಣ್ಣೆ ಒರೆಸುವ ಬಟ್ಟೆಯನ್ನು ದೊಡ್ಡಣ್ಣನ ಕಣ್ಣಿಗೆ ಸುತ್ತಿ, ಹಿಂದೆ ಗಂಟು ಬಿಗಿದ. ಗಂಟಿಗೆ ನಾಲ್ಕು ಕೂದಲೂ ಸಿಕ್ಕಿಕೊಂಡು ಹಿಂದಲೆ ಚುರ್ರೆಂದಿತು.

ಮರ ಕೊಯ್ಯುವ ಹನ್ನೊಂದು ಆಳುಗಳು ಶೆಡ್ಡಿನ ಮುಂದೆ ಚಳಿಯಲ್ಲಿ ನಿಂತಿದ್ದರು. ಕಂಪನಿಯ ಸಾಹೇಬರು ಕುರ್ಚಿ ಹಾಕಿಸಿಕೊಂಡು ಚಹಾ ಹೀರುತ್ತಿದ್ದರು. ಮೇಜಿನ ಮೇಲೆ ಎರಡು ಬಾರ್. ಬಾರ್ ಎಂದರೆ ಚೈನ್ ಗರಗಸದ ಮುಂದೆ ಉದ್ದಕ್ಕೆ ಚಾಚಿಕೊಂಡ ಪಟ್ಟಿ, ಹಲ್ಲಿನ ಸರಪಳಿ ಓಡುವುದು ಅದರ ಅಂಚಿನಲ್ಲೇ. ಒಂದು ಗಟ್ಟಿ ಉಕ್ಕಿನದು, ಇನ್ನೊಂದು ಒಳಗೆ ಪೊಳ್ಳಿರುವ ಹಗುರದ್ದು. ಹಳೆಯವೆಲ್ಲ ಸವೆದುಹೋಗಿದ್ದವು. ಈ ಸಲ ಹಗುರದ್ದೇ ತರಿಸಿಕೊಡಿ, ದಿನವಿಡೀ ಎತ್ತಿ ಹಿಡಿದು ರಟ್ಟೆ ಬಿದ್ದುಹೋಗುತ್ತಿದೆ ಎಂದು ಆಳುಗಳು ತಿಂಗಳಿಂದ ಗೋಗರೆದಿದ್ದರು.

"ಅರ್ಧ ಕೇಜಿ ವ್ಯತ್ಯಾಸ ನಿಮಗೆ ಗೊತ್ತಾದರೆ ತಾನೇ ತರಿಸೋದು? ಒಬ್ಬ ಕಣ್ಣು ಕಟ್ಟಿಸ್ಕೊಂಡು ಹೇಳಲಿ. ಸರಿಯಾಗಿ ಹೇಳಿದರೆ ಎಲ್ಲರಿಗೂ ಹಗುರದ್ದೇ," ಎಂದಿದ್ದರು ಸಾಹೇಬರು.

ಆಳುಗಳ ಸಾಲಿನಲ್ಲಿದ್ದ ಬಾಮೈದನೇ ದೊಡ್ಡಣ್ಣನನ್ನು ಮುಂದಕ್ಕೆ ತಳ್ಳಿದ್ದ. "ನಮ್ಮ ಭಾವನೇ ಹೇಳ್ತಾರೆ. ಮಿಷನ್ ಸದ್ದು ಕೇಳೇ ಚೈನ್ ಎಷ್ಟು ಸಡಿಲ ಆಗಿದೆ ಅನ್ನೋ ಮನುಷ್ಯ ಅವರು."

ಹೊಗಳಿಕೆಯೇನೋ ಚೆನ್ನಾಗಿತ್ತು. ಆದರೆ ಇಪ್ಪತ್ತೆರಡು ವರ್ಷ ಆ ಮಿಷನ್ನಿನ ನಡುಕ ತಿಂದು ದೊಡ್ಡಣ್ಣನ ಬೆರಳು ಸತ್ತುಹೋಗಿದ್ದವು, ಚಳಿಗೆ ಬಿಳಿಚಿಕೊಳ್ಳುತ್ತಿದ್ದವು. ಅಂಗಿಯ ಗುಂಡಿಯನ್ನು ಹೆಂಡತಿಯೇ ಹಾಕಬೇಕಿತ್ತು. ಅವಳೊಬ್ಬಳಿಗೆ ಬಿಟ್ಟರೆ ಇನ್ಯಾರಿಗೂ ಇದು ಗೊತ್ತಿರಲಿಲ್ಲ. ಹೋದ ವರ್ಷ ಕುಳ್ಳ ಎಂಬ ಆಳು ಕೈ ಜೋಮು ಹಿಡಿದಿದೆ ಎಂದು ಬಾಯಿಬಿಟ್ಟ ದಿನವೇ, ಮಧ್ಯಾಹ್ನದೊಳಗೆ ಅವನನ್ನು ಮನೆಗೆ ಅಟ್ಟಿದ್ದರು. ಅಂದಿನಿಂದ ದೊಡ್ಡಣ್ಣ ಬಾಯಿಗೆ ಬೀಗ ಹಾಕಿಕೊಂಡಿದ್ದ.

"ಇದು ಒಂದು," ಎಂದು ಮೇಸ್ತ್ರಿ ಅವನ ಅಂಗೈಗಳ ಮೇಲೆ ಬಾರ್ ಇಟ್ಟು ತೆಗೆದ. "ಇದು ಎರಡು."

ಬೆರಳಿಗೆ ಏನೂ ತಿಳಿಯಲಿಲ್ಲ. ಭುಜ ಮಾತ್ರ ಎರಡೂ ಒಂದೇ ಎಂದಿತು. ಭುಜವೂ ಹೋಯಿತಲ್ಲ, ಹಾಳಾದ್ದು, ಹೊತ್ತಲ್ಲದ ಹೊತ್ತಲ್ಲಿ! ಗೊತ್ತಾಗುತ್ತಿಲ್ಲ ಎಂದರೆ ಸಿಕ್ಕಿಬೀಳುತ್ತೇನೆ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ಎರಡನೇದು ಹಗುರ, ಸಾಹೇಬ್ರೇ."

ಸಾಹೇಬರು ನಕ್ಕ ನಗುವಿಗೆ ಚಹಾ ತುಳುಕಿತು. ಮೇಸ್ತ್ರಿ ಬಟ್ಟೆ ಕಿತ್ತ. ಹಗುರದ ಬಾರ್ ಮೇಜಿನ ಮೇಲೆ ಇಟ್ಟಲ್ಲೇ ಇತ್ತು. ಎರಡು ಸಲವೂ ಕೈಗಿಟ್ಟದ್ದು ಗಟ್ಟಿ ಉಕ್ಕಿನದೇ. ನೋಡುತ್ತ ನಿಂತವರೆಲ್ಲರಿಗೂ ಅದು ಕಂಡಿತ್ತು. ಮೇಸ್ತ್ರಿ ಕಣ್ಣು ಕೆಕ್ಕರಿಸಿದ್ದಕ್ಕೆ ಒಬ್ಬರೂ ಪಿಟಕ್ಕೆಂದಿರಲಿಲ್ಲ.

"ಗಟ್ಟಿದೇ ಹಗುರವಂತೆ ಇವರಿಗೆ," ಎಂದರು ಸಾಹೇಬರು. "ಅದನ್ನೇ ತರಿಸು ಮೇಸ್ತ್ರಿ. ಪಾಪ, ಯಾಕೆ ಬೇಜಾರು ಮಾಡೋದು."

ಬಾಮೈದ ಹಲ್ಲು ಕಡಿದ. "ಎರಡೂ ಒಂದೇ ಅನ್ನೋಕೆ ಏನು ದೊಡ್ಡರೋಗ ಬಂದಿತ್ತು ಭಾವ?"

"ಒಂದೇ ಅಂತ್ಲೇ ಅನ್ನಿಸ್ತು ಕಣೋ."

"ಮತ್ತೆ ಹೇಳೋಕೇನಾಗಿತ್ತು?"

ದೊಡ್ಡಣ್ಣ ನೆಟ್ಟಗೆ ಮೇಜಿನ ಹತ್ತಿರ ಹೋಗಿ ಎರಡೂ ಕೈಯನ್ನು ಸಾಹೇಬರ ಮೂಗಿನ ಮುಂದೆ ಚಾಚಿದ. ಚಳಿಗೆ ಬೆರಳುಗಳು ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದವು.

"ನನ್ನ ಬೆರಳು ಸತ್ತಿವೆ. ಅದಕ್ಕೇ ಮೈಯೇ ಸುಳ್ಳು ಹೇಳ್ತಿದೆ ಅಂದ್ಕೊಂಡೆ. ಮೈ ನಿಜಾನೇ ಹೇಳಿತ್ತು. ಸುಳ್ಳು ನಿಮ್ದು." ತಿರುಗಿ ಸಾಲಿನ ಕಡೆ ಕೂಗಿದ. "ನನ್ನೊಬ್ಬಂದೇನಲ್ಲ ಇದು. ಯಾರ್ಯಾರ ಬೆರಳು ಹಿಂಗಾಗಿದೆಯೋ ಚಾಚ್ರೋ ಮುಂದಕ್ಕೆ. ಎಲ್ರನ್ನೂ ಒಂದೇ ಸಲ ಓಡಿಸಿದ್ರೆ ಮರ ಇವರಪ್ಪ ಬಂದು ಕೊಯ್ತಾನಾ?"

"ಹೌದಾ?" ಎಂದರು ಸಾಹೇಬರು, ಬಹಳ ಮೆತ್ತಗೆ. "ತೋರಿಸ್ರಪ್ಪ, ನೋಡೋಣ."

ಒಬ್ಬ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡ. ಇನ್ನೊಬ್ಬ ಬೆನ್ನ ಹಿಂದೆ ಕಟ್ಟಿಕೊಂಡ. ಮತ್ತೊಬ್ಬ ಬೀಡಿ ಹುಡುಕುವವನಂತೆ ಜೇಬಿಗೆ ಇಳಿಸಿದ. ಬಾಮೈದ ಎಲ್ಲರಿಗಿಂತ ಕೊನೆಗೆ ಜೇಬಿಗೆ ಕೈ ಹಾಕಿದ. ಅಷ್ಟರಲ್ಲಿ ದೊಡ್ಡಣ್ಣನಿಗೆ ಅವನ ಎರಡು ಬೆರಳು ಕಂಡವು, ನಡುಗೆಣ್ಣಿನವರೆಗೂ ಬಿಳಿ. ಮಿಷನ್ ಹಿಡಿದು ಇನ್ನೂ ನಾಲ್ಕೇ ವರ್ಷ. ಅಕ್ಕನಿಗೂ ಹೇಳಿಲ್ಲವಲ್ಲ ಇವನು, ಎಂದುಕೊಂಡ ದೊಡ್ಡಣ್ಣನಿಗೆ ಕೋಪದ ಬದಲು ಮರುಕ ಬಂತು.

ಮೇಸ್ತ್ರಿ ದೊಡ್ಡಣ್ಣನ ಮಿಷನ್ ತಂದು ಬಾಮೈದನ ಎದೆಗೆ ಒತ್ತಿದ. "ಹಿಡ್ಕೊಳ್ಳೋ. ನಿಮ್ಮ ಭಾವನ ಕಥೆ ಮುಗೀತು. ಇನ್ಮೇಲೆ ಇದು ನಿಂದು."

ಹಿಡಿಯಲು ಬಾಮೈದ ಜೇಬಿನಿಂದ ಕೈ ತೆಗೆಯಲೇಬೇಕಾಯಿತು. ಬಿಳಿಚಿದ ಬೆರಳು ಹಿಡಿಕೆಯ ಮೇಲೆ ಎಲ್ಲರಿಗೂ ಕಂಡವು. ಸಾಹೇಬರಿಗೂ ಕಂಡವು. ಅವರು ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡರು.

"ಹೊರಡ್ರಿ ಕೆಲಸಕ್ಕೆ, ಹೊತ್ತಾಯ್ತು," ಎಂದರು.