ಹೊಲದ ಮರಳಿಗೆ ಸುಂಕವಿಲ್ಲ

ಪಂಪು ಗಾಳಿ ಎಳೆಯತೊಡಗಿದ ಮೇಲೆ ಅವಳು ಮತ್ತೆ ಹಗ್ಗಕ್ಕೆ ಕೈಹಾಕಿದ್ದಳು. ಆವತ್ತು ಬಾವಿಗಿಳಿಸಿದ ಕೊಡ ತಳಕ್ಕೆ ಬಡಿದು ಠಣ್ಣೆಂದಿತು. ಮೇಲೆಳೆದರೆ ಬಂದದ್ದು ಅರ್ಧ ಕೊಡ ಕೆಸರು.

ಟೊಮೆಟೊ, ಬದನೆ, ಮೆಣಸಿನ ಸಸಿ ಬೆಳೆಸಿ ಮಾರುವವಳಾದ್ದರಿಂದ ಊರಿಗೆಲ್ಲ ಅವಳು ಸಸಿಯಮ್ಮ. ಗಂಡ ಹೋದ ಮೇಲೆ ಹೊಳೆದಂಡೆಯ ಹೊಲ ಪಾಲಾಗಿ, ಬಾವಿಯಿರುವ ಭಾಗ ಅವಳಿಗೂ ಬದುವಿನಾಚೆಯದು ಮೈದುನನಿಗೂ ಬಂದಿತ್ತು. ಎಳೆ ಸಸಿಯದು ಹಸುಗೂಸಿನ ಜೀವ. ಒಂದು ಹೊತ್ತು ನೀರು ತಪ್ಪಿದರೆ ಕತ್ತು ವಾಲಿಸುತ್ತದೆ, ಇನ್ನೊಂದು ಹೊತ್ತು ತಪ್ಪಿದರೆ ಮತ್ತೆ ಏಳುವುದಿಲ್ಲ. ಬಾವಿ ಹೋದರೆ ಅವಳ ಬದುಕೂ ಹೋದಂತೆಯೇ.

ಬದುವಿನಾಚೆ ಜೆಸಿಬಿ ಗುರುಗುಡುತ್ತಿತ್ತು. ಮೇಲಿನ ಮಣ್ಣನ್ನು ಬಗೆದು ಬದಿಗೆ ರಾಶಿ ಹಾಕಿ, ಅಡಿಯ ಮರಳನ್ನು ಲಾರಿಗೆ ತುಂಬುತ್ತಿದ್ದರು. ಗುಂಡಿ ಬಾವಿಗಿಂತ ಆಳಕ್ಕಿಳಿದಿತ್ತು. ಅದರಲ್ಲಿ ಒಸರುವ ನೀರನ್ನು ದಪ್ಪ ಪೈಪಿನಲ್ಲಿ ಹೊಳೆಗೆ ಬಿಡುತ್ತಿದ್ದರು. ಅದು ಎಲ್ಲಿಯ ನೀರೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೈದುನ ಟಾರ್ಪಾಲಿನ ನೆರಳಲ್ಲಿ ಕುರ್ಚಿ ಹಾಕಿಕೊಂಡಿದ್ದ. ಇವಳನ್ನು ಕಂಡು ಎದ್ದುನಿಂತ.

"ಇನ್ನು ಸಾಕು ಮಾಡಪ್ಪಾ. ಬಾವಿ ತಳ ಕಾಣ್ತಿದೆ. ನಿಮ್ಮಪ್ಪ ತೋಡಿಸಿದ್ದು ಅದು, ನೀನೂ ಅದೇ ನೀರು ಕುಡಿದು ಬೆಳೆದೋನು."

"ಇಲ್ಲ ಅಂದ್ನಾ ಅತ್ತಿಗೆ? ಆದ್ರೆ ನಾನೇನೂ ಕದ್ದು ತೋಡ್ತಿಲ್ಲ. ನಿಯಮದ ಪ್ರಕಾರವೇ ನಡೀತಿದೆ. ಆ ನಿಯಮ ಮಾಡ್ಸಿದ್ದು ಯಾರು ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾ?"



ಹಿಂದಿನ ವರ್ಷದ ಮಾತು. ಹೊಳೆಯ ಒಡಲನ್ನು ಬಗೆದು ಬಗೆದು ದಂಡೆಗಳು ಕುಸಿಯತೊಡಗಿದಾಗ, ಹೊಳೆ ಮರಳಿನ ಪ್ರತಿ ಲೋಡಿಗೂ ಭಾರೀ ಸುಂಕ ಹಾಕಲು ಗಣಿ ಕಚೇರಿಯವರು ಮುಂದಾಗಿದ್ದರು. ಹೊಳೆಯದು ದುಬಾರಿಯಾದರೆ ಮನೆ ಕಟ್ಟುವವರು ಕಲ್ಲು ಪುಡಿಮಾಡಿದ ಮರಳಿಗೆ ಹೋಗುತ್ತಾರೆ ಎಂಬ ಲೆಕ್ಕ. ಊರಿನ ಸಭೆಯಲ್ಲಿ ಅಧಿಕಾರಿ ಎಲ್ಲ ಓದಿ, "ಯಾರದಾದ್ರೂ ತಕರಾರು ಇದೆಯಾ?" ಎಂದಾಗ ಎದ್ದವಳು ಇವಳೊಬ್ಬಳೇ. ನೆರೆ ಬಂದಾಗ ಹೊಲದ ಮೇಲೆ ಮೊಣಕಾಲುದ್ದ ಬಿದ್ದ ಮರಳನ್ನು ಬುಟ್ಟಿಯಲ್ಲಿ ಹೊತ್ತು ಹಾಕಿ ಸೊಂಟ ಬೀಳಿಸಿಕೊಂಡವಳು ಅವಳು.

"ನಮ್ಮ ಹೊಲದ ಮರಳು ತೆಗೆಯೋಕೂ ಸುಂಕ ಕಟ್ಬೇಕಾ ಮೇಡಂ? ತಂದು ಹಾಕಿದ್ದು ಹೊಳೆ. ಅದರ ಹತ್ರಾನೇ ವಸೂಲಿ ಮಾಡಿ."

ಸಭೆಯೆಲ್ಲ ನಕ್ಕು ಚಪ್ಪಾಳೆ ತಟ್ಟಿತ್ತು. ಸ್ವಂತ ಹೊಲದಿಂದ ತೆಗೆದ ಮರಳಿಗೆ ಸುಂಕವಿಲ್ಲವೆಂದು ಅಧಿಕಾರಿ ಅಲ್ಲೇ ಬರೆದುಕೊಂಡಿದ್ದರು. "ನೀವು ವಕೀಲರಾಗ್ಬೇಕಿತ್ತು ಅತ್ತಿಗೆ" ಎಂದು ಮೈದುನ ದಾರಿಯುದ್ದಕ್ಕೂ ಹೊಗಳಿದ್ದ. ಹೊಲದಡಿಯಲ್ಲೂ ಆಳುದ್ದ ಮರಳಿದೆಯೆಂದು ಬಾವಿ ತೋಡಿದ ಊರಿಗೆಲ್ಲ ಗೊತ್ತು. ಹೊಳೆಯದು ದುಬಾರಿಯಾದರೆ ಅದನ್ನೂ ಯಾರಾದರೂ ಕೇಳಿಕೊಂಡು ಬಂದಾರೆಂದು ಮಾತ್ರ ಒಬ್ಬರಿಗೂ ಹೊಳೆದಿರಲಿಲ್ಲ.

"ನಾನು ಹೇಳಿದ್ದು ನೆರೆಯಲ್ಲಿ ಮೇಲೆ ಬಿದ್ದಿದ್ದಕ್ಕೆ" ಎಂದು ಅವಳೀಗ ಮೈದುನನಿಗೆ ಹೇಳಿದಳು.

"ಮೇಲಿಂದೋ ಕೆಳಗಿಂದೋ, ಲಾರಿಗೇನು ಗೊತ್ತಾಗತ್ತೆ?" ಎಂದ ಮೈದುನ.

ಅವಳು ಬಸ್ಸು ಹಿಡಿದು ಕಚೇರಿಗೆ ಹೋದಳು. ಅಧಿಕಾರಿ ಕೆಟ್ಟವರಲ್ಲ. ಕೂರಿಸಿ, ನೀರು ಕೊಟ್ಟು, ಗೋಡೆಯ ಮೇಲಿನ ನಕ್ಷೆ ತೋರಿಸಿದರು.

"ಹೊಳೆ ಉಳೀತಲ್ಲಮ್ಮಾ, ನೋಡಿ. ಹೊಲದ ವಿಷಯ ನಮಗೂ ಬಿಸಿತುಪ್ಪ ಆಗಿದೆ. ತಿದ್ದುಪಡಿಗೆ ಬರೆದಿದ್ದೀವಿ, ಮುಂದಿನ ವರ್ಷ ಬರಬಹುದು."

"ಅಲ್ಲೀವರೆಗೆ ಸಸಿಗಳಿಗೆ ಏನು ಹೇಳ್ಲಿ ಮೇಡಂ?"

ಅವರು ನಕ್ಷೆಯಲ್ಲಿ ಹೊಳೆಯ ಗೆರೆಯನ್ನು ಮತ್ತೊಮ್ಮೆ ತೋರಿಸಿದರು.

ತಿರುಗಿ ಬರುವಷ್ಟರಲ್ಲಿ ಬದುವಿನ ಒಂದು ಮಗ್ಗುಲು ಜಾರಿ ಗುಂಡಿಗೆ ಬಿದ್ದಿತ್ತು. ಬಾವಿಕಟ್ಟೆಯಲ್ಲಿ ಬೆರಳು ತೂರುವಷ್ಟು ಬಿರುಕು. ಹೊಳೆಯಿಂದ ಕೊಡ ಹೊತ್ತು ನೋಡಿದಳು, ಸೊಂಟ ಕೇಳಲಿಲ್ಲ. ಟೊಮೆಟೊ ಸಸಿಗಳು ಮೊದಲು ಮಲಗಿದವು, ಆಮೇಲೆ ಬದನೆ. ಮೆಣಸಿನವು ಹಟ ಹಿಡಿದು ಒಂದು ದಿನ ಹೆಚ್ಚಿಗೆ ನಿಂತವು, ಅಷ್ಟೇ.

ಮೈದುನ ಮನೆಬಾಗಿಲಿಗೆ ಬಂದು ಮೆಲ್ಲಗೆ ಹೇಳಿದ. "ಬದು ನಿಲ್ಲಲ್ಲ ಅತ್ತಿಗೆ. ಮಳೆ ಬಿದ್ರೆ ನಿಮ್ಮ ಮರಳೆಲ್ಲ ತಾನೇ ಜಾರಿ ನನ್ನ ಗುಂಡಿಗೆ ಬರತ್ತೆ, ನಿಮ್ಮ ಕೈಗೆ ಚಿಪ್ಪು. ಈಗಲೇ ಕೊಟ್ಬಿಡಿ, ದುಡ್ಡಾದ್ರೂ ಸಿಗತ್ತೆ." ಅವನ ದನಿಯಲ್ಲಿ ಕೇಡು ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಮರುದಿನ ಯಂತ್ರ ಬದು ಮುರಿದುಕೊಂಡು ಈಚೆ ಬಂತು. ಚಾಲಕ ಕೆಳಗಿಳಿದು ಎಲ್ಲಿಂದ ಶುರು ಮಾಡಲೆಂದು ಅವಳನ್ನು ಕೇಳಿದ.

"ಬಾವಿ ಕಡೆಯಿಂದ. ಅದೊಂದು ಕಣ್ಣೆದುರು ಉಳಿಯೋದು ಬೇಡ."

ಅಷ್ಟರಲ್ಲಿ ಇನ್ನೊಂದು ಮಗ್ಗುಲಿನ ಹೊಲದಲ್ಲಿ ಹೂವು ಬೆಳೆಯುವವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ಯಂತ್ರವನ್ನು ನೋಡಿದಳು, ಇವಳನ್ನು ನೋಡಿದಳು.

"ಅಕ್ಕಾ, ತುಂಬ ಆಳಕ್ಕೆ ಬೇಡ ಅನ್ನು. ನಮ್ಮ ಬಾವಿ ಇಲ್ಲೇ ಇದೆ."

ಸಸಿಯಮ್ಮನಿಗೆ ಆ ಬಾವಿಯ ಆಳವೂ ಗೊತ್ತಿತ್ತು. ಮುಖ ತಿರುಗಿಸಿ, ಕಾಯುತ್ತಿದ್ದ ಚಾಲಕನಿಗೆ, "ನೀನು ಶುರು ಮಾಡಪ್ಪಾ" ಎಂದಳು.