ಬಲಕ್ಕೆ ಸರಿದ ಸಾಲುಗಳು

ನಾಲ್ಕನೆಯ ಸಲವೂ ಕಡತ ಹಾಗೇ ಅಡ್ಡಾದಿಡ್ಡಿಯಾಗಿ ಬಂದಾಗ ಮಗಳಿಗೆ ತಲೆ ಚಿಟ್ಟು ಹಿಡಿಯಿತು.

ಮೂವತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದ ಅಪ್ಪ ತನಗೆ ಗೊತ್ತಿದ್ದದ್ದನ್ನೆಲ್ಲ ಸಾದಾ ಅಕ್ಷರದ ಕಡತವೊಂದರಲ್ಲಿ ಟೈಪ್ ಮಾಡಿಟ್ಟಿದ್ದ. ತಲೆಬರಹದ ಮುಂದೆ ಹ್ಯಾಷ್, ಹಂತದ ಮುಂದೆ ಅಡ್ಡಗೆರೆ. ಅಷ್ಟನ್ನು ಮಗಳೇ ಕಲಿಸಿದ್ದಳು. ಅವಳ ಕಂಪನಿಗೆ ಬೇಕಿದ್ದದ್ದು ಔಟ್‌ಲೈನ್ ಕಡತ: ಕೊಂಬೆ, ಕೊಂಬೆಗೆ ಟಿಸಿಲು, ಒಂದರೊಳಗೊಂದು. ಸಂಜೆ ಐದಕ್ಕೆ ಅದು ಹನ್ನೆರಡು ಮಂದಿ ಹೊಸ ಮೆಕ್ಯಾನಿಕ್‌ಗಳ ಫೋನಿಗೆ ಹೋಗಬೇಕು. ಬೆಳಗಾದರೆ ಅವರು ಅದನ್ನೇ ನಂಬಿಕೊಂಡು ಲಿಫ್ಟಿನ ತಳದ ಗುಂಡಿಗೆ ಇಳಿಯುವವರು. ಫೋನಿನಲ್ಲಿ ಮೊದಲ ಎರಡು ಹಂತವಷ್ಟೇ ತೆರೆದಿರುತ್ತದೆ. ಉಳಿದದ್ದೆಲ್ಲ ಮಡಚಿಕೊಂಡು ಕೂತಿರುತ್ತದೆ.

ಸಾಲು ಎಷ್ಟು ಬಲಕ್ಕೆ ಸರಿದಿದೆಯೋ ಅಷ್ಟು ಒಳಗಿನ ಟಿಸಿಲು ಎಂಬುದು ಪರಿವರ್ತಿಸುವ ತಂತ್ರಾಂಶದ ಲೆಕ್ಕ. ಅಪ್ಪನ ಲೆಕ್ಕವೇ ಬೇರೆ.

"ಅಪ್ಪಾ, 'ಮೇನ್ ಸ್ವಿಚ್ ಆರಿಸದೆ ಇಳಿಯಬೇಡ' ಅನ್ನೋದು ಹದಿನಾರು ಸ್ಪೇಸ್ ಆಚೆ ಯಾಕೆ ಕೂತಿದೆ?"

ಬಿಚ್ಚಿ ಹರವಿದ ಟೇಬಲ್ ಫ್ಯಾನಿನಿಂದ ಅಪ್ಪ ತಲೆಯೆತ್ತಲಿಲ್ಲ. "ಕಣ್ಣಿಗೆ ಹೊಡೀಲಿ ಅಂತ. ಹತ್ತು ಜನ ಸಾಲಾಗಿ ನಿಂತು, ಒಬ್ಬ ಪಕ್ಕಕ್ಕೆ ನಿಂತ್ರೆ ಯಾರನ್ನ ನೋಡ್ತೀಯ?"

"ಇದು ಅವನನ್ನೇ ಒಳಗೆ ಕೂಡಿಹಾಕಿ ಚಿಲಕ ಹಾಕ್ತಿದೆ!"

"ಬುದ್ಧಿ ಇಲ್ಲದ್ದು ಅದಕ್ಕೆ. ನನ್ನ ಮೇಲೆ ಯಾಕೆ ಹಾರಾಡ್ತೀಯ?"

ಎಲ್ಲವನ್ನೂ ಎಡಕ್ಕೆ ಎಳೆದೂ ನೋಡಿದ್ದಳು. ಬ್ರೇಕ್ ಪರೀಕ್ಷೆಯ ಏಳು ಉಪಹಂತಗಳು ಏಳು ಬೇರೆ ಬೇರೆ ಕೆಲಸಗಳಾಗಿಬಿಟ್ಟಿದ್ದವು.

"ಇದಕ್ಕೆ ಏನಾದ್ರೂ ನಿಯಮ ಇದೆಯಾ, ಇಲ್ಲ ಕೈಗೆ ಬಂದ ಹಾಗೆ ಒತ್ತಿದ್ದೀಯಾ?"

ಅಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟ. "ಉಪಹಂತಕ್ಕೆ ಎರಡು ಸ್ಪೇಸ್. ಅಪಾಯದ ಸಾಲಿಗೆ, ಏಟು ತಿಂದ ಒಬ್ಬೊಬ್ಬರಿಗೂ ನಾಲ್ಕು. ನನ್ನ ಕಣ್ಣಾರೆ ಕಂಡವರು ಮಾತ್ರ."

ಮಗಳು ಹದಿನಾರನ್ನು ಮತ್ತೊಮ್ಮೆ ಎಣಿಸಿದಳು. ನಾಲ್ಕು ಜನ. ಮಾತು ಸಿಟ್ಟಾಗಿ ಬಂತು.

"ಇದನ್ನ ಬೆಳಿಗ್ಗೇನೇ ಬೊಗಳೋಕೆ... ಹೇಳೋಕೆ ಏನಾಗಿತ್ತು?"

"ನೀನು ಕೇಳ್ಲಿಲ್ಲ."

ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಸ್ಪೇಸ್ ಇದ್ದ ಸಾಲುಗಳು ಹನ್ನೊಂದು. ಅಷ್ಟನ್ನೂ ಕಿತ್ತು, ಮಡಚಲಾಗದಂತೆ ಮೊದಲ ಹಂತಕ್ಕೇ ತಂದು ನಿಲ್ಲಿಸಿ, ಕಡತವನ್ನು ಆಫೀಸಿಗೆ ಕಳಿಸಿದಳು. ಹತ್ತು ನಿಮಿಷಕ್ಕೆ ಮ್ಯಾನೇಜರ್ ಫೋನು.

"ಏನಮ್ಮಾ ಇದು, ಕೆಲಸ ಶುರುವಾಗೋ ಮೊದಲೇ ಬರೀ ಬೇಡ, ಬೇಡ, ಬೇಡ?"

"ಹಾಗೇ ಹೋಗ್ಲಿ ಸರ್. ಒಂದನ್ನ ಒಳಗೆ ತಳ್ಳಿದ್ರೂ, ಸಿದ್ಧಪಡಿಸಿದವರು ಅಂತಿರೋ ಕಡೆ ನನ್ನ ಹೆಸರು ತೆಗೆದುಬಿಡಿ."

ಆತ ಗೊಣಗುತ್ತಲೇ ಒಪ್ಪಿದ. ಅವಳು ಫೋನ್ ಇಡುವಷ್ಟರಲ್ಲಿ ಅಪ್ಪ ಬೆನ್ನ ಹಿಂದೆ ನಿಂತಿದ್ದ.

"ತಡಿ, ಒಂದು ಬಿಟ್ಟುಹೋಗಿದೆ. ಗುಂಡೀಲಿ ನಿಂತು ಫೋನ್ ನೋಡಬೇಡ ಅಂತ ಹಾಕು."

"ಅದರಿಂದ ಯಾರಿಗೆ ಏಟಾಯ್ತು?"

"ನಮ್ಮ ಕಾಲದಲ್ಲಿ ಯಾರ ಕೈಯಲ್ಲಿತ್ತು? ಈಗ ನೀವೇ ಕೊಟ್ಟು ಇಳಿಸ್ತಿದ್ದೀರಲ್ಲ."

ಐದಕ್ಕೆ ಇನ್ನು ಆರೇ ನಿಮಿಷ. ಮಗಳು ಹಲ್ಲು ಕಚ್ಚಿಕೊಂಡು ಕಡತ ತೆರೆದು, ಅದನ್ನು ಎಲ್ಲಕ್ಕಿಂತ ಮೇಲೆ ಹಾಕಿದಳು.