ಡಾಕ್ಟರ್ ಶ್ರೀವತ್ಸರ ತಗ್ಗಿದ ದನಿ

ಅಪಾಯ ಹೆಚ್ಚಿದಷ್ಟೂ ಡಾಕ್ಟರ್ ಶ್ರೀವತ್ಸರ ದನಿ ತಗ್ಗುತ್ತದೆ. ವಿಜಯವಾಡದ ಆಸ್ಪತ್ರೆಯಲ್ಲಿ ಅವರ ಗದರಿಕೆಗೆ ಯಾರೂ ಹೆದರುವುದಿಲ್ಲ, ಪಿಸುಮಾತಿಗೆ ಬೆಚ್ಚುತ್ತಾರೆ. ದಾವಣಗೆರೆಯಿಂದ ಬಂದ ಈ ಹೃದ್ರೋಗತಜ್ಞರ ಹೆಗಲು, ಎಕ್ಸ್-ರೇ ತಡೆಯುವ ಸೀಸದ ಏಪ್ರನ್ ವರ್ಷಗಟ್ಟಲೆ ಹೊತ್ತು ಹೊತ್ತು, ಅದನ್ನು ಕಳಚಿದ ಮೇಲೂ ತುಸು ಬಾಗಿಯೇ ಇರುತ್ತದೆ. ದಿನವೂ ಬೆಳಗ್ಗೆ, ಹೃದಯದ ನಾಳಗಳಿಗೆ ಚಿಕಿತ್ಸೆ ನಡೆಯುವ ಕ್ಯಾಥ್‌ಲ್ಯಾಬಿನ ಬೀರು ತೆರೆದು, ಹರಿದ ರಕ್ತನಾಳವನ್ನು ಒಳಗಿನಿಂದ ಮುಚ್ಚುವ ಹೊದಿಕೆಯ ಸ್ಟೆಂಟ್ ಇದೆಯೇ ಎಂದು ಸ್ವತಃ ಮುಟ್ಟಿ ನೋಡುವುದು ಅವರ ಹಟ. ವಿಶಾಖಪಟ್ಟಣದಲ್ಲಿ ಕಲಿಯುತ್ತಿದ್ದಾಗ, ಬೀರುವಿನ ಬೀಗದ ಕೈ ಹುಡುಕುವಷ್ಟರಲ್ಲಿ ರೋಗಿಯೊಬ್ಬರು ತೀರಿಕೊಂಡದ್ದನ್ನು ಅವರು ಕಂಡಿದ್ದರು.

ಹೋದ ಬೇಸಿಗೆಯ ಒಂದು ಮಧ್ಯಾಹ್ನ, ಹಾಸನದಿಂದ ವರ್ಗವಾಗಿ ಬಂದಿದ್ದ ಬ್ಯಾಂಕ್ ಅಧಿಕಾರಿ ನರಸಿಂಹಮೂರ್ತಿಯವರನ್ನು ಆಟೋನಗರದ ಶಾಖೆಯಿಂದಲೇ ಹೊತ್ತು ತಂದರು. ಹೃದಯಾಘಾತ. ಕಟ್ಟಿಕೊಂಡಿದ್ದ ನಾಳದಲ್ಲಿ ಶ್ರೀವತ್ಸ ಬಲೂನು ಉಬ್ಬಿಸಿ ಸ್ಟೆಂಟ್ ಕೂರಿಸಿದರು. ಸುಣ್ಣಗಟ್ಟಿ ಪೆಡಸಾಗಿದ್ದ ನಾಳದ ಗೋಡೆ ತಡೆಯಲಿಲ್ಲ. ಎಕ್ಸ್-ರೇಯಲ್ಲಿ ಕಾಣಲೆಂದು ನಾಳಕ್ಕೆ ಬಿಟ್ಟಿದ್ದ ಔಷಧಿಯ ಕಪ್ಪು ಪರದೆಯ ಮೇಲೆ, ನಾಳದಾಚೆಗೆ ಹೊಗೆಯಂತೆ ಹರಡಿತು.

“ಅಪೂರ್ವ, ನಾಳ ಹರೀತು,” ಎಂದರು, ಪಕ್ಕದಲ್ಲಿದ್ದ ಕಿರಿಯ ವೈದ್ಯೆಗೆ ಮಾತ್ರ ಕೇಳುವಂತೆ. “ಬಲೂನ್ ಮತ್ತೆ ಉಬ್ಬಿಸಿ ತೂತು ಮುಚ್ಚಿ ಹಿಡೀತೀನಿ. ನೀನು ಎಕೋದಲ್ಲಿ ಹೃದಯ ನೋಡು.”

“ಸರ್, ಹೃದಯದ ಸುತ್ತ ರಕ್ತ ತುಂಬ್ತಿದೆ. ಬಿಪಿ ಬೀಳ್ತಿದೆ.”

“ಸೂಜಿ ಹಾಕಿ ಅದನ್ನ ತೆಗಿ. ನಾನು ಬಲೂನ್ ಬಿಡಂಗಿಲ್ಲ.”

ಅವಳು ಅವಸರದಲ್ಲಿ ಸೂಜಿ ಚುಚ್ಚಹೋದಳು. “ನಿಧಾನಕ್ಕೆ ಹಾಕು, ಟೈಮಿದೆ,” ಎಂದರು ಶ್ರೀವತ್ಸ. ಟೈಮಿರಲಿಲ್ಲ. ಆದರೂ ಆ ಮಾತಿಗೆ ಅವಳು ಅವಸರ ಬಿಟ್ಟಳು. ಸೂಜಿ ಸರಿಯಾದ ಜಾಗಕ್ಕೆ ಹೋಗಿ ರಕ್ತ ಹೊರಬಂತು, ಬಿಪಿ ಮೆಲ್ಲಗೆ ಏರಿತು. ಬಲೂನು ತೆಗೆದು ಹೊದಿಕೆಯ ಸ್ಟೆಂಟ್ ಕೂರಿಸಿದ ಮೇಲೆ ಸೋರಿಕೆ ನಿಂತಿತು.

ಹೊರಗೆ ನರಸಿಂಹಮೂರ್ತಿಯವರ ಹೆಂಡತಿ ಶಾರದಾ ಕಾದಿದ್ದರು. ‘ಸ್ವಲ್ಪ ತೊಂದರೆಯಾಗಿತ್ತು, ಈಗ ಪರವಾಗಿಲ್ಲ’ ಎಂದಿದ್ದರೆ ಸಾಕಿತ್ತು. ಶ್ರೀವತ್ಸ ಹಾಗೆನ್ನಲಿಲ್ಲ.

“ಸ್ಟೆಂಟ್ ಹಾಕುವಾಗ ನನ್ನ ಕೈಯಲ್ಲೇ ರಕ್ತನಾಳ ಹರೀತಮ್ಮಾ. ಮುಚ್ಚಿದ್ದೀವಿ. ನಾಳೆವರೆಗೂ ಕಾದು ನೋಡ್ಬೇಕು.”

“ಹರಿದೋರೂ ನೀವೇ, ಉಳಿಸಿದೋರೂ ನೀವೇ. ನಿಮಗೆ ನಾನೇನನ್ಲಿ?”

“ಏನೂ ಅನ್ನಬೇಡಿ. ಆದದ್ದು ನಿಮಗೆ ಗೊತ್ತಿರ್ಲಿ ಅಂತ ಹೇಳ್ದೆ.”

ನರಸಿಂಹಮೂರ್ತಿ ಚೇತರಿಸಿಕೊಂಡರು. ಅಲ್ಲಿದ್ದಷ್ಟು ದಿನವೂ ಶಾರದಾ ವೈದ್ಯರತ್ತ ಮುಖವೆತ್ತಿ ನೋಡಲಿಲ್ಲ. ಹೊರಡುವ ದಿನ ಮಾತ್ರ, “ಮುಂದೆ ತೋರಿಸೋಕೂ ನಿಮ್ಮ ಹತ್ರಾನೇ ಬರ್ತೀವಿ,” ಎಂದು ಮುಖವೆತ್ತಿ, ನಗದೆಯೇ ಹೇಳಿ ಹೋದರು.

ಇಂಥ ವೈದ್ಯರು ಧೈರ್ಯವನ್ನು ರಕ್ತದೆದುರು ಒಮ್ಮೆ ತೋರಿದರೆ ಸಾಲದು, ಬಾಗಿಲಾಚೆ ಕಾದು ಕುಳಿತವರೆದುರು ಮತ್ತೊಮ್ಮೆ ತೋರಬೇಕು. ಮೊದಲನೆಯದನ್ನು ಅಭ್ಯಾಸ ಕಲಿಸುತ್ತದೆ. ಎರಡನೆಯದನ್ನು ಕಲಿಸುವ ವಿದ್ಯಾಲಯವನ್ನು ಯಾರೂ ಇನ್ನೂ ಕಟ್ಟಿಲ್ಲ.